ಇಬ್ಬರು ಬೇಕಾದ ಟೇಬಲ್

ನನ್ನ ತಮ್ಮ ಹರಿಹರದ ಕೆಲಸಕ್ಕೆ ಹೋಗದಂತೆ ಮಾಡಿದವಳು ನಾನು. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಕೊನೆಗೆ ಅಂತ ಇಟ್ಟುಕೊಂಡರೆ, ಅಲ್ಲಿಗೆ ಹೋಗುವಷ್ಟರಲ್ಲಿ ನನಗೆ ಬೇಕಾದ ಹಾಗೆ ತಿರುಗಿಸಿಕೊಂಡುಬಿಡುತ್ತೇನೇನೋ ಎಂಬ ಅನುಮಾನ ಇದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅವ್ವ ತೀರಿಕೊಂಡ ವರ್ಷ ಶಾಲೆ ಬಿಟ್ಟೆ. ತಮ್ಮ ಆಗ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವನನ್ನು ಸೊಂಟದ ಮೇಲೆ ಇಟ್ಟುಕೊಂಡೇ ನೀರು ತಂದೆ, ರೊಟ್ಟಿ ಬಡಿದೆ, ಅಪ್ಪನ ಶೆಡ್ಡಿನ ಹೊಟ್ಟು ಗುಡಿಸಿದೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಮನೆಯ ಮುಂದೆ ಇಳಿಸಿದ ತಗಡಿನ ಶೆಡ್ಡೇ ಅಪ್ಪನ ಬಡಗಿ ಕೆಲಸದ ಜಾಗ. ಬಾಗಿಲು, ಕಿಟಕಿ, ಯಾರಾದರೂ ಕೇಳಿದರೆ ತೊಟ್ಟಿಲು, ದೇವರ ಮಂಟಪ. ಮೊದಮೊದಲು ಉಪ್ಪುಕಾಗದ ತಿಕ್ಕಿದೆ, ಆಮೇಲೆ ಪಾಲಿಶ್ ಹಚ್ಚಲು ಕಲಿತೆ, ಆಮೇಲೆ ಉಳಿ ಹಿಡಿದೆ. ಹೆಣ್ಣುಮಗಳು ಉಳಿ ಹಿಡಿಯುವುದನ್ನು ಬೀದಿಯವರು ನೋಡಬಾರದೆಂದು ಅಪ್ಪ ಶೆಡ್ಡಿನ ಮುಂದೆ ಗೋಣಿತಾಟಿನ ಪರದೆ ಕಟ್ಟಿದ. ಆ ಪರದೆಯ ಒಳಗಡೆಯೇ ನನ್ನ ಪ್ರಾಯ ಕಳೆಯಿತು.

ನನ್ನನ್ನು ಕೇಳಿಕೊಂಡು ಒಂದೆರಡು ಕಡೆಯವರು ಬಂದಿದ್ದರು. 'ಸಣ್ಣ ಹುಡುಗನ್ನ ಬಿಟ್ಟು ನಾ ಎಲ್ಲೂ ಹೋಗಲ್ಲ ಅಂತಾಳ್ರಿ ನಮ್ಮ ಹುಡುಗಿ' ಎಂದು ಅಪ್ಪ ಅವರಿಗೆ ಹೇಳಿ ಕಳಿಸುತ್ತಿದ್ದ. ನಾನು ಹಾಗೆ ಅಂದ ನೆನಪು ನನಗಿಲ್ಲ. ಅಂದಿಲ್ಲ ಅಂತ ಹೊರಗೆ ಬಂದು ಹೇಳಲೂ ಇಲ್ಲ.

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ತಮ್ಮ ಮೀಸೆ ಬಂದ ಹುಡುಗ, ಪೂರ್ತಿ ಬಡಗಿ. ಅಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದ. ಊರ ಹೊರಗಿನ ಕರೂರು ಕಡೆಯ ಒಂದು ಸಣ್ಣ ಫೌಂಡ್ರಿಯವರು ಒಮ್ಮೆ ಬಂದು, ಪಂಪಿನ ಒಂದು ಭಾಗಕ್ಕೆ ಮರದ ಅಚ್ಚು ಮಾಡಿಕೊಡು ಎಂದು ಕೇಳಿದರು. ಫೌಂಡ್ರಿಯಲ್ಲಿ ಮೊದಲು ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆಯುತ್ತಾರೆ. ಆ ಗುಳಿಯೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ಕುಗ್ಗುವುದರಿಂದ ಅಚ್ಚು ಬೇಕಾದ್ದಕ್ಕಿಂತ ಕೂದಲಷ್ಟು ದೊಡ್ಡದಿರಬೇಕು. ತಮ್ಮ ಅದನ್ನು ಮಾಡಿಕೊಟ್ಟ. ಎರಕ ಆದ ಮೇಲೆ ಆ ಕಬ್ಬಿಣದ ತುಂಡನ್ನು ಕೇಳಿ ಇಸಿದುಕೊಂಡು ಮನೆಗೆ ತಂದು, ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಉಂಡ.

"ನಾ ಮರದಾಗೆ ಮಾಡಿದ್ದು ಕಬ್ಬಿಣ ಆಗೈತೆ ನೋಡಕ್ಕ" ಅಂದ. ಊಟದ ತುಂಬ ಅದನ್ನೇ ನೋಡುತ್ತಿದ್ದ.

ಆ ಅಚ್ಚಿನ ಸುದ್ದಿ ಹೇಗೋ ಹರಿಹರಕ್ಕೆ ಹೋಯಿತು. ಅಲ್ಲಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಥ ಮರದ ಅಚ್ಚು ಮಾಡುವುದಕ್ಕೇ ಒಂದು ವಿಭಾಗ ಇತ್ತು. ಅಲ್ಲಿನ ಮೇಸ್ತ್ರಿ ತಮ್ಮನನ್ನು ಕರೆಸಿ, ಒಂದು ತುಂಡು ಕೊಟ್ಟು ಮಾಡಿಸಿ ನೋಡಿ, ದೀಪಾವಳಿ ಮುಗಿದ ಮೇಲೆ ಬಂದು ಸೇರಿಕೋ ಎಂದಿದ್ದರು. ಎಂಬತ್ತರ ಆಸುಪಾಸಿನ ಮಾತು ಇದು. ಕಾಯಂ ಕೆಲಸ, ಮುಂದೆ ಕ್ವಾರ್ಟರ್ಸು ಎಲ್ಲ ಆಗ ಸಣ್ಣ ಮಾತಲ್ಲ.

ತಮ್ಮ ಇದನ್ನು ಊಟಕ್ಕೆ ಕೂತಾಗ ಹೇಳಿದ. ಅಪ್ಪ ಎಡಗೈಯಲ್ಲಿ ಅನ್ನ ಕಲಸುತ್ತಿದ್ದವನು ತಲೆ ಎತ್ತಲಿಲ್ಲ.

"ಇಲ್ಲಿ ಬಾಗ್ಲ ಯಾರು ಮಾಡ್ತಾರೆ? ನಾನಾ?"

"ಅದಕ್ಕೇ ಒಂದು ಮಷೀನ್ ತಗಳ್ಳಾನ ಅಂತೀನಪ್ಪ. ರೂಟರ್ ಅಂತ ಬರ್ತೈತೆ."

"ರೂಟಾ? ಯಾವ ರೂಟು? ದಾವಣಗೆರೆ–ಹರಿಹರದ್ದಾ?"

"ಬಸ್ಸಲ್ಲಪ್ಪ. ಕರೆಂಟಿಂದು. ಅಂಚಿಗೆ ನಕ್ಷೆ ಹೊಡೀತೈತೆ, ಗಾಜು ಕೂರಿಸೋ ಕಾಲುವೆ ತೆಗೀತೈತೆ, ಬೀಡಿಂಗ್ ಪಟ್ಟಿ ಮಾಡ್ತೈತೆ. ನಾನು ಅರ್ಧ ದಿನ ಹತ್ತರಿ ಹೊಡಿಯೋದನ್ನ ಅದು ತಳ್ಳಿದಂಗೆ ಮಾಡಿ ಒಗೀತೈತೆ. ಟೇಬಲ್ಲಿಗೆ ಬಿಗಿದ್ರೆ ಒಬ್ರೇ ಸಾಕು. ನೀ ಕೂತು ಹೇಳು, ಅಕ್ಕ ಮಾಡ್ತಾಳೆ."

"ಮಗ ಹೋದ, ಮಷೀನ್ ಬಂತು. ಚಲೋ ಆತು ಬಿಡು" ಅಂದ ಅಪ್ಪ. ಬೇಡ ಅಂತ ಮಾತ್ರ ಅನ್ನಲಿಲ್ಲ.

ಅಕ್ಕ ಮಾಡ್ತಾಳೆ ಅಂದದ್ದು ನನಗೆ ನಾಟಿತು. ನನ್ನನ್ನು ಕೇಳಿರಲಿಲ್ಲ. ಅವನು ತನ್ನ ಜಾಗದಲ್ಲಿ ನನ್ನನ್ನು ಇಟ್ಟು ಹೋಗುವ ಲೆಕ್ಕ ಹಾಕಿದ್ದ, ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಯಾಕೆಂದರೆ ನಾನು ಇನ್ನೆಲ್ಲಿಗೂ ಹೋಗುವವಳಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೀಗೆ ಬರೆದು ನನ್ನ ತಪ್ಪನ್ನು ಅವನ ಮೇಲೆ ಹೊರಿಸುತ್ತಿಲ್ಲ. ಆ ಹೊತ್ತಿನಲ್ಲಿ ನನಗೆ ಸಿಟ್ಟು ಬಂದಿತ್ತು ಅಂತ ಮಾತ್ರ ಹೇಳುತ್ತಿದ್ದೇನೆ.

ನಮ್ಮವರು ಅಮಾವಾಸ್ಯೆಗೆ ಉಳಿ ಮುಟ್ಟುವುದಿಲ್ಲ. ಭಾನುವಾರ ರಜೆ ಎಂಬುದು ನಮ್ಮಲ್ಲಿ ಇಲ್ಲ. ತಿಂಗಳಿಗೊಂದು ಅಮಾವಾಸ್ಯೆ, ಅಷ್ಟೇ. ಹಾಗಾಗಿ ಮಷೀನು ನೋಡಲು ಇಬ್ಬರೂ ಹರಿಹರಕ್ಕೆ ಹೋದದ್ದು ಒಂದು ಅಮಾವಾಸ್ಯೆಯ ದಿನ. ಆ ದಿನ ನೋಡಬಹುದು, ಮುಟ್ಟಬಹುದು, ಬೆಲೆ ಕೇಳಬಹುದು, ಕೊಳ್ಳುವಂತಿಲ್ಲ. ಕೊಳ್ಳಲು ಮತ್ತೊಂದು ಒಳ್ಳೆಯ ದಿನ ನೋಡಿಕೊಂಡು ಬರಬೇಕು. ಈ ಪದ್ಧತಿ ಇಲ್ಲದಿದ್ದರೆ ಅವತ್ತೇ ಸಣ್ಣ ಮಷೀನು ನಮ್ಮ ಮನೆಗೆ ಬಂದಿರುತ್ತಿತ್ತು, ನಾನು ಇದನ್ನು ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ಸಾಹೇಬರು ಮರಗೆಲಸದ ಮಷೀನು ಮಾರುತ್ತಿದ್ದರು. ಹೊಸವೂ ಇದ್ದವು, ಹಳೆಯದನ್ನು ಕೊಂಡು ರಿಪೇರಿ ಮಾಡಿ ಮಾರುವುದೂ ಇತ್ತು. ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. "ಬರ್ರಿ, ಕೂಡ್ರಿ, ಅಕ್ಕಾರಿಗೆ ಸ್ಟೂಲ್ ಕೊಡ್ರಪಾ" ಎಂದು ಒಳಗೆ ಕರೆದರು. ಅಂಗಡಿಯಲ್ಲಿ ಕೊಡುವವರು ಬೇರೆ ಯಾರೂ ಇರಲಿಲ್ಲ. ತಾವೇ ಎದ್ದು ತಂದುಕೊಟ್ಟರು.

ಅವರಲ್ಲಿ ನಮಗೆ ಆಗುವಂಥವು ಎರಡಿದ್ದವು. ಒಂದು ಹೊಸದು, ಎರಡು ಕೈಯಲ್ಲಿ ಹಿಡಿಯುವಂಥ ಸಣ್ಣ ರೂಟರ್. ಸೋರೆಕಾಯಿಯಷ್ಟು ಗಾತ್ರ, ಎರಡೂ ಕಡೆ ಹಿಡಿ, ಕೆಳಗೆ ತಿರುಗುವ ಚೂಪು ಅಲಗು, ಅದಕ್ಕೆ ಬಿಟ್ ಅನ್ನುತ್ತಾರೆ. ಇನ್ನೊಂದು ಯಾವುದೋ ಮುಚ್ಚಿದ ಕಾರ್ಖಾನೆಯಿಂದ ಬಂದ ಹಳೆಯ ಕಬ್ಬಿಣದ ಟೇಬಲ್ಲು. ದಪ್ಪ ಹಾಸು, ಅದರ ನಡುವೆ ಬಿಟ್ ಮೇಲಕ್ಕೆ ಮೂತಿ ಹಾಕಿಕೊಂಡು ನಿಂತಿತ್ತು. ಎಡಗಡೆ ಮೋಟಾರು, ಬೆಲ್ಟು, ಚಕ್ರ ಎಲ್ಲ ಹೊರಕ್ಕೆ ಚಾಚಿಕೊಂಡಿದ್ದವು.

ತಮ್ಮ ಕಬ್ಬಿಣದ್ದನ್ನು ಒಂದು ಸುತ್ತು ನೋಡಿ ಬಿಟ್ಟುಬಿಟ್ಟ. "ಇದರ ಹಾಸು ಗಿಡ್ಡ ಅಕ್ಕ. ಬಾಗಿಲ ಚೌಕಟ್ಟಿನ ಉದ್ದ ಮರ ಇಟ್ರೆ ಆ ಕಡೆ ತುದಿ ತೂಗ್ತೈತೆ, ಬಿಟ್ ಮರಾನ ಕಡಿದು ಹಾಕ್ತೈತೆ. ಆಚೆ ಒಬ್ರು ನಿಂತು ಹಿಡೀಲೇಬೇಕು. ಹಲಗೆ ಜೋಡಿಸಿ ಉದ್ದ ಮಾಡಾನ ಅಂದ್ರೆ ಈ ಚಕ್ರ ಅಡ್ಡ ಐತೆ."

"ಬರೋಬ್ಬರಿ ಹೇಳಿದ್ರಿ" ಅಂದರು ಸಾಹೇಬರು. "ಅದು ಜೋಡಿ ಕೆಲ್ಸದ ಮಷೀನು. ಗಂಡ ಹೆಂಡ್ತಿ ಇದ್ದಂಗ, ಒಬ್ರೇ ಎಳದ್ರೆ ನಡೆಯಲ್ಲ."

ಸಣ್ಣದಕ್ಕೆ ತಮ್ಮ ತಾನೇ ಟೇಬಲ್ಲು ಮಾಡುವವನಿದ್ದ. ಉದ್ದನೆಯ ಹಲಗೆ, ಅದರ ನಡುವೆ ಒಂದು ತೂತು, ರೂಟರನ್ನು ತಲೆಕೆಳಗೆ ಮಾಡಿ ಆ ತೂತಿಗೆ ಬಿಗಿಯುವುದು. ಎರಡೂ ಕಡೆ ಹಲಗೆ ಉದ್ದ ಇರುವುದರಿಂದ ಎಂಥ ಮರವಾದರೂ ಅದರ ಮೇಲೇ ಮಲಗಿ ಹೋಗುತ್ತದೆ, ಯಾರೂ ಹಿಡಿಯಬೇಕಿಲ್ಲ. ಅಂಗಡಿಯಲ್ಲಿ ತೋರಿಸಲಿಕ್ಕೆಂದು ಸಾಹೇಬರು ಅಂಥದ್ದೇ ಒಂದು ಗಿಡ್ಡ ಹಲಗೆ ಮಾಡಿಟ್ಟಿದ್ದರು. ತಮ್ಮ ನನ್ನನ್ನು ಅದರ ಮುಂದೆ ನಿಲ್ಲಿಸಿದ.

"ಕೈಯಾಗೆ ಹಿಡಿದಾಗ ಎಡದಿಂದ ಬಲಕ್ಕೆ ಹೋಗ್ಬೇಕು. ಟೇಬಲ್ಲಿನಾಗೆ ಉಲ್ಟಾ ಇರ್ತೈತೆ, ಹಂಗಾಗಿ ಬಲದಿಂದ ಎಡಕ್ಕೆ. ಬಿಟ್ ಎತ್ಲಾಗೆ ತಿರುಗ್ತೈತೋ ಅದರ ಎದುರಿಗೆ ತಳ್ಳೋದು, ಅಷ್ಟೇ ನೆಪ್ಪಿಟ್ಕೋ. ಅದರ ಜೊತಿಗೆ ತಳ್ಳಿದ್ಯೋ, ಮರಾನ ಕಸ್ಕೊಂಡು ಒಗೀತೈತೆ."

ಒಂದು ತುಂಡು ಇಟ್ಟು ತಳ್ಳಿದೆ. ಕಿವಿಗಡಚಿಕ್ಕುವ ಸದ್ದು. ಮರದ ಅಂಚು ನನ್ನ ಕೈಕೆಳಗೆ ಬೆಣ್ಣೆಯ ಹಾಗೆ ಸುತ್ತಿ ಬಂತು. ಇನ್ನೊಂದು ತುಂಡು ಕೇಳಿ ಇಸಿದುಕೊಂಡೆ. ಸಾಹೇಬರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ನಿಮಗಿಂತ ಅಕ್ಕಾರ ಕೈಯೇ ಗಟ್ಟಿ ಐತೆ ನೋಡ್ರಿ" ಎಂದು ತಮ್ಮನಿಗೆ ಹೇಳಿದರು. ಅವನು ನಕ್ಕ. ನನಗೂ ಸಂತೋಷವಾಯಿತು. ಇದನ್ನೂ ಹೇಳಬೇಕು: ಆ ಮಷೀನು ನನಗೆ ಇಷ್ಟವಾಗಿತ್ತು.

ಆಮೇಲೆ ಇಬ್ಬರೂ ಹೊಳೆಯ ದಂಡೆಗೆ ಹೋಗಿ ಮಂಡಕ್ಕಿ ತಿಂದೆವು. ಅಲ್ಲಿಂದ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಅವನು ಕೈ ಚಾಚಿ, ಅಚ್ಚಿನ ವಿಭಾಗ ಇಂಥ ಕಡೆ ಐತೆ, ಕ್ವಾರ್ಟರ್ಸು ಇಂಥ ಕಡೆ, ಅಲ್ಲಿಂದ ಹೊಳೆ ಇಷ್ಟೇ ದೂರ ಎಂದು ತೋರಿಸಿದ. ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ಮಾತಾಡುತ್ತಿದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವನ ಮಾತಿನಲ್ಲಿ ಬಂದ ಮನೆಯಲ್ಲಿ ಒಲೆ ಎಲ್ಲಿ, ನೀರು ಎಲ್ಲಿ, ಎಲ್ಲ ಇತ್ತು. ನಾನು ಇರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಹೆದರಿಕೆ ಹತ್ತಿತು. ತಮ್ಮ ಹೊರಗೆ ಹೋದಾಗ ಗಿರಾಕಿಗಳು ಬಂದರೆ ಪರದೆ ಸರಿಸಿ ಇಣುಕುತ್ತಿದ್ದರು. "ಗಂಡಸ್ರು ಯಾರೂ ಇಲ್ಲೇನವ್ವ?" ಎಂದು ಕೇಳಿ, ಅಪ್ಪ ಮೂಲೆಯಲ್ಲಿ ಕೂತಿದ್ದರೂ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, "ಆಮೇಲೆ ಬರ್ತೀವಿ" ಅಂತ ಹೋಗುತ್ತಿದ್ದರು. ನಾನು ಎಷ್ಟು ಚೆನ್ನಾಗಿ ಅಂಚು ಹೊಡೆದರೂ ಬಾಗಿಲ ಅಳತೆ ತೆಗೆಯಲು ನನ್ನನ್ನು ಯಾರು ಮನೆಯೊಳಕ್ಕೆ ಕರೆಯುತ್ತಾರೆ? ಇದನ್ನು ತಮ್ಮನಿಗೆ ಹೇಳಬೇಕು ಅಂದುಕೊಂಡೆ. ಹೇಳಿದ್ದರೆ ಅವನು ಏನಾದರೂ ದಾರಿ ಹುಡುಕುತ್ತಿದ್ದ. ಆದರೆ ಹೇಳಲು ಹೋದರೆ 'ನನ್ನ ಬಿಟ್ಟು ಹೋಗಬ್ಯಾಡ' ಅನ್ನುವ ಮಾತೇ ಮೊದಲು ಬಾಯಿಗೆ ಬರುತ್ತಿತ್ತು. ಅದನ್ನು ಅಂದು ಸಣ್ಣವಳಾಗಲು ನನಗೆ ಮನಸ್ಸಿರಲಿಲ್ಲ. ಅನ್ನದೆ ಅವನನ್ನು ತಡೆದೆ, ಅದು ಅದಕ್ಕಿಂತ ಸಣ್ಣ ಕೆಲಸ.

ಕೊಳ್ಳಲು ಗೊತ್ತು ಮಾಡಿದ ದಿನ ತಮ್ಮ ಶಾಮನೂರಿನ ಒಂದು ಮನೆಗೆ ಕಿಟಕಿ ಕೂರಿಸಲು ಹೋಗಬೇಕಾಯಿತು. "ನೋಡಿ ಬಂದಿದ್ದೀವಲ್ಲಕ್ಕ, ನೀನೇ ಹೋಗಿ ತಗಂಬಾ. ಸಣ್ಣದು ಚೀಲದಾಗೆ ಹಿಡೀತೈತೆ" ಅಂದ. ನಾನು ಚೀಲ ಹಿಡಿದು ಬಸ್ಸು ಹತ್ತಿದೆ. ಹತ್ತುವಾಗ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಇದನ್ನು ನಂಬಬೇಕು ಅಂತ ಯಾರಿಗೂ ಹೇಳಲಾರೆ.

ಸಾಹೇಬರು ಸಣ್ಣ ಮಷೀನನ್ನು ಡಬ್ಬಿಗೆ ಹಾಕಿ ಸುತಳಿ ಕಟ್ಟಿಟ್ಟಿದ್ದರು. ನಾನು ಡಬ್ಬಿ ನೋಡಿದೆ. ಅದು ಚೀಲದಲ್ಲಿ ಹಿಡಿಯುವಂತಿತ್ತು. ಅಷ್ಟು ಸಣ್ಣ ಡಬ್ಬಿ ಮನೆಗೆ ಹೋದರೆ ಅವನು ಮನೆಯಿಂದ ಹೊರಟ ಹಾಗೆ.

"ಆ ಕಬ್ಬಿಣದ್ದು ಇನ್ನೂ ಐತೇನ್ರಿ?" ಎಂದು ಕೇಳಿದೆ.

"ಐತೆ. ಅದು ನಿಮಗ್ಯಾಕ ಅಕ್ಕಾರ? ಅದಕ್ಕೆ ಇಬ್ರು ಬೇಕು."

"ಇಬ್ರು ಇದೀವಲ್ರಿ."

"ನಿಮ್ಮ ತಮ್ಮ ಕಾರ್ಖಾನಿಗೆ ಬರ್ತೀನಿ ಅಂದಿದ್ನಲ್ಲ?"

"ಬರಲ್ಲ" ಅಂದೆ.

ಆ ಮಾತು ಹೊರಗೆ ಬಿದ್ದ ಮೇಲೆಯೇ ನಾನು ಏನು ಮಾಡುತ್ತಿದ್ದೇನೆ ಅಂತ ನನಗೆ ತಿಳಿದದ್ದು. ಸಾಹೇಬರು ಕಿವಿಯ ಪೆನ್ಸಿಲ್ಲು ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಮನ್ಯಾಗೆ ಮಾತಾಡಿ ಬಂದೀರಿ?" ಅಂದರು. ಹೂಂ ಅಂದೆ. ದಪ್ಪ ಹೊನ್ನೆ ಮರಕ್ಕೆ ಅದೇ ಒಳ್ಳೆಯದು, ಸಣ್ಣದು ತಡೆಯುವುದಿಲ್ಲ ಅಂತ ನಮ್ಮ ತಮ್ಮನೇ ಹೇಳಿದ ಎಂದು ಅವರು ಕೇಳದಿದ್ದರೂ ಹೇಳಿದೆ. ಸುಳ್ಳಿಗೆ ಯಾವಾಗಲೂ ಮಾತು ಜಾಸ್ತಿ ಬೇಕಾಗುತ್ತದೆ. ಸಂಚಕಾರ ಕೊಟ್ಟು, ಎಲೆ ಅಡಿಕೆ ಇಸಿದುಕೊಂಡು, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದೆ.

"ಸಣ್ಣದು ಯಾರೋ ಶಿವಮೊಗ್ಗದವರು ಒಯ್ದ್ರಂತೆ" ಎಂದು ತಮ್ಮನಿಗೆ ಹೇಳಿದೆ. "ಮತ್ತೆ ಯಾವಾಗ ಬರ್ತೈತೋ ಗೊತ್ತಿಲ್ಲಂತೆ. ಕಬ್ಬಿಣದ್ದಕ್ಕೆ ಸಂಚಕಾರ ಕೊಟ್ಟು ಬಂದೆ."

ಅವನು ಕೈಯಲ್ಲಿದ್ದ ಕೊಡತಿ ಕೆಳಗಿಟ್ಟ. "ಕಾಯಬಹುದಿತ್ತಲ್ಲಕ್ಕ."

"ನೀ ದೀಪಾವಳಿ ಅಂತ ಕುಣಿದ್ಯಲ್ಲ. ಮಷೀನಿಲ್ದೆ ಹೋಗಿಬಿಡ್ತೀಯೇನು?"

ಅವನು ಮತ್ತೆ ಕೊಡತಿ ಎತ್ತಿಕೊಂಡ. ಅಪ್ಪನಿಗೆ ಮಾತ್ರ ಖುಷಿಯಾಯಿತು. "ಕಬ್ಬಿಣಾನಾ? ಹಂಗಾದ್ರೆ ತೂಕ ಐತೆ. ನಮ್ಮವ್ವ ಚಲೋದೇ ಆರಿಸ್ಯಾಳೆ" ಅಂದ. ಅಪ್ಪನಿಗೆ ಪ್ರೀತಿ ಬಂದಾಗ ನನ್ನನ್ನು ಅವ್ವ ಅನ್ನುತ್ತಿದ್ದ.

ಟೆಂಪೋದಲ್ಲಿ ಟೇಬಲ್ಲು ಬಂದ ದಿನ ಸಾಹೇಬರೂ ಜೊತೆಗೆ ಬಂದರು. ಇದನ್ನು ನಾನು ಎಣಿಸಿರಲಿಲ್ಲ. ಇಳಿಸಿ ಕೂರಿಸುವಾಗ ತಮ್ಮ ಸಹಜವಾಗಿ ಕೇಳಿದ: "ಆ ಸಣ್ಣದು ಭಾರಿ ಲಗೂನೇ ಹೋತಲ್ರಿ?"

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಾಹೇಬರು ನನ್ನ ಕಡೆ ಒಂದು ಸಲ ನೋಡಿದರು. "ಅಂಗಡ್ಯಾಗೆ ಇಟ್ಟಿದ್ದು ಹೋಗಾಕೇ ಇರೋದಲ್ಲೇನಪಾ" ಎಂದು ಹೇಳಿ, ಬೆಲ್ಟು ಬಿಗಿ ಮಾಡಲು ಬಗ್ಗಿದರು. ಅವರು ಸುಳ್ಳೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಚಹಾ ಕುಡಿದು ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ.

ತಮ್ಮ ನೆಲ ಅಗೆದು, ಸಿಮೆಂಟು ಹಾಕಿ, ಬೋಲ್ಟು ಹೂತು ಟೇಬಲ್ಲನ್ನು ಭದ್ರ ಮಾಡಿದ. ಆಮೇಲೆ ಅಪ್ಪನನ್ನು ಆ ಕಡೆ ನಿಲ್ಲಿಸಿ ನೋಡಿದ. ಅಪ್ಪ ಎಡಗೈಯೊಂದರಲ್ಲಿ ಹಿಡಿಯಲು ಹೋಗಿ, ಚೌಕಟ್ಟಿನ ಮರ ಜಾರಿ, ಅಂಚು ಕಡಿದುಹೋಯಿತು. ಅಪ್ಪ ಎರಡನೆಯ ಸಲ ನಿಲ್ಲಲು ಒಪ್ಪಲಿಲ್ಲ. ಅವತ್ತು ಸಂಜೆ ಉಣ್ಣಲೂ ಇಲ್ಲ. ನನ್ನ ಸುಳ್ಳು ಅಪ್ಪನನ್ನೂ ತಾಗುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ತಮ್ಮ ಸುಮ್ಮನೆ ಕೂರಲಿಲ್ಲ. ಶಾಮನೂರಿನಿಂದ ಒಬ್ಬ ಕೂಲಿಯಾಳನ್ನು ಕರೆತಂದ. ನಡುವಯಸ್ಸಿನವನು, ಮಾತು ಕಡಿಮೆ, ಕೆಲಸ ಗೊತ್ತಿತ್ತು. ನಾನು ತಳ್ಳಿದೆ, ಅವನು ಹಿಡಿದ. ಒಂದು ಚೌಕಟ್ಟು ಸಲೀಸಾಗಿ ಆಯಿತು. ತಮ್ಮನ ಮುಖದಲ್ಲಿ ಜೀವ ಬಂತು. ಆ ಮನುಷ್ಯ ಹೋದ ಮೇಲೆ ಅಪ್ಪ ಮೂಲೆಯಿಂದ ಹೇಳಿದ:

"ಬ್ಯಾಡ. ಮದುವಿ ಆಗ್ದ ಹೆಣ್ಮಗಳ ಎದುರಿಗೆ ಹೊರಗಿನ ಗಂಡಸು ದಿನಾ ನಿಂತ್ರೆ ಏನಂತಾರೆ ಜನ?"

"ನೀನಿರ್ತೀಯಲ್ಲಪ್ಪ ಇಲ್ಲೇ."

"ನಾನಿದ್ರೂ ಇದ್ದಂಗಾ?" ಅಂದ ಅಪ್ಪ, ತನ್ನ ಬಿದ್ದ ಕೈ ತೋರಿಸಿ.

ತಮ್ಮ ನನ್ನ ಕಡೆ ನೋಡಿದ. ನನ್ನ ಬಾಯಿಂದ ಒಂದು ಮಾತು ಸಾಕಾಗಿತ್ತು. 'ಇರ್ಲಿ ಅಪ್ಪ, ನಂಗೇನೂ ಅಡ್ಡಿಯಿಲ್ಲ' ಅಂದಿದ್ದರೆ ಅಪ್ಪ ಗೊಣಗಿಕೊಂಡಾದರೂ ಒಪ್ಪುತ್ತಿದ್ದ. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಸುಳ್ಳು ಹೇಳಿದ್ದನ್ನಾದರೂ ಒಂದು ಗಳಿಗೆಯ ಬುದ್ಧಿ ಅನ್ನಬಹುದು. ಇದು ಹಾಗಲ್ಲ. ಒಳಗೆ ನಿಂತು ಲೋಟ ತೊಳೆಯುತ್ತ, ಅವರು ಹೊರಗೆ ಮಾತು ಮುಗಿಸಲಿ ಅಂತ ಕಾದೆ.

ದೀಪಾವಳಿ ಬಂತು, ಹೋಯಿತು. ತಮ್ಮ ಹರಿಹರಕ್ಕೆ ಹೋಗಿ ಮೇಸ್ತ್ರಿಯವರಲ್ಲಿ ಸ್ವಲ್ಪ ದಿನ ಕೇಳಿಕೊಂಡು ಬಂದ. ಅವರು ಕೊಟ್ಟರು. ಆ ದಿನಗಳೂ ಮುಗಿದವು. ಒಂದು ಮಧ್ಯಾಹ್ನ ಆ ಕಡೆಯಿಂದ ಬಂದ ಒಬ್ಬರು ಸೈಕಲ್ಲಿನ ಮೇಲಿಂದಲೇ, "ನಿನ್ನ ಜಾಗಕ್ಕೆ ಬ್ಯಾರೆಯವನ್ನ ತಗಂಡ್ರಂತೆ ಕಣಪ್ಪ, ಮೇಸ್ತ್ರಿ ಬೇಜಾರು ಮಾಡ್ಕೊಂಡ್ರು" ಎಂದು ಹೇಳಿದರು.

"ಆಯ್ತು ಬಿಡ್ರಿ" ಅಂದ ತಮ್ಮ. ಮಷೀನು ಹಚ್ಚಿದ. ನಾನು ಆ ಕಡೆ ಹೋಗಿ ನಿಂತೆ.

ಅದಾದ ಮೇಲೆ ನಮ್ಮ ಬದುಕು ಆ ಟೇಬಲ್ಲಿನ ಎರಡು ಕಡೆ ನಡೆಯಿತು. ಅವನು ಬಲಗಡೆ ನಿಂತು ತಳ್ಳುತ್ತಿದ್ದ, ನಾನು ಎಡಗಡೆ ನಿಂತು ಹಿಡಿದುಕೊಳ್ಳುತ್ತಿದ್ದೆ. ಸದ್ದಿನಲ್ಲಿ ಮಾತಿಗೆ ಅವಕಾಶ ಇಲ್ಲ. ನೋಟ ಮಾತ್ರ ತಪ್ಪಿಸಲು ಆಗುವುದಿಲ್ಲ, ಯಾಕೆಂದರೆ ತಳ್ಳುವವನು ಹಿಡಿಯುವವರ ಮುಖ ನೋಡಿಯೇ ತಳ್ಳಬೇಕು. ದಿನವೆಲ್ಲ ನನ್ನ ಮುಖ ಅವನ ಎದುರಿಗಿತ್ತು. ಕರೆಂಟು ಹೋದಾಗ ಇಬ್ಬರೂ ಬೇರೆ ಬೇರೆ ಮೂಲೆಗೆ ಹೋಗಿ ಕೂತುಕೊಳ್ಳುತ್ತಿದ್ದೆವು. ಕರೆಂಟು ಬಂದರೆ ಮತ್ತೆ ಬಂದು ನಿಲ್ಲುತ್ತಿದ್ದೆವು. ನಮ್ಮನ್ನು ಯಾರೋ ಹಗ್ಗ ಹಾಕಿ ಎಳೆದ ಹಾಗೆ.

ಉದ್ದ ಮರ ಇಟ್ಟಾಗ ಅವನು "ಕೈ ಕೊಡಕ್ಕ" ಎಂದು ಕೂಗುತ್ತಿದ್ದ. ಬಡಗಿಗಳಲ್ಲಿ ಇದು ಇದ್ದದ್ದೇ. ಇನ್ನೊಂದು ತುದಿ ಹಿಡಿ ಎಂದು ಅರ್ಥ. ಒಂದು ದಿನ ಬಾಗಿಲು ಒಯ್ಯಲು ಬಂದ ಗಿರಾಕಿಯೊಬ್ಬರು ಅದನ್ನು ಕೇಳಿ ತಮಾಷೆಗೆ ಹಿಡಿದರು.

"ಏನಪ್ಪ, ಬಂದಾಗೆಲ್ಲ ಕೈ ಕೊಡು, ಕೈ ಕೊಡು ಅಂತೀ. ಎಲ್ಲಾರು ಕೈ ಕೊಡಬ್ಯಾಡ್ರಿ ಅಂತ ಬೇಡ್ಕೊಂತಾರೆ, ನೀ ಕೇಳಿ ಕೈ ಕೊಡಿಸ್ಕೊಂತೀಯಲ್ಲ."

"ನಮ್ಮಕ್ಕ ಕೈ ಕೊಟ್ಟೇ ನಾನು ಇಲ್ಲಿರೋದ್ರಿ" ಅಂದ ತಮ್ಮ, ನಗುತ್ತ.

ಅವನು ಅಂದದ್ದು ಸಹಾಯದ ಅರ್ಥದಲ್ಲಿ. ಹಾಗೆಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ನನ್ನ ಕೈ ಸಡಿಲವಾಗಿ ಮರ ವಾಲಿತು. ಒಳ್ಳೆಯ ತೇಗದ ಪಟ್ಟಿ, ನಡುವೆ ಕಡಿದುಹೋಯಿತು. ಗಿರಾಕಿ ತನ್ನ ತ‍ಮಾಷೆಯಿಂದ ಹೀಗಾಯಿತು ಅಂತ ಪೇಚಾಡಿಕೊಂಡರು. ನಾನು ಆ ತುಂಡನ್ನು ಒಲೆಗೆ ಹಾಕಿದೆ.

ಅಪ್ಪ ತೀರಿಕೊಂಡ. ತಮ್ಮನಿಗೆ ಮದುವೆಯಾಯಿತು. ನಾದಿನಿ ಒಳ್ಳೆಯವಳು, ಮನೆ ಅವಳದಾಯಿತು, ಶೆಡ್ಡು ನಮ್ಮಿಬ್ಬರದೇ ಉಳಿಯಿತು. ಹರಿಹರದ ಕಾರ್ಖಾನೆಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತ್ತು; ತೆಗೆದುಕೊಂಡರೂ ಇವನ ವಯಸ್ಸು ದಾಟಿತ್ತು. ಇನ್ನು ಹೇಳಿ ಏನು ಪ್ರಯೋಜನ ಅಂತ ನಾನು ಸುಮ್ಮನಿದ್ದೆ. ಸುಮ್ಮನಿರಲು ಯಾವಾಗಲೂ ಒಂದು ಕಾರಣ ಸಿಗುತ್ತಿತ್ತು. ಮೊದಲು ಅಪ್ಪ ಇದ್ದ, ಆಮೇಲೆ ಮದುವೆ ಮಾತುಕತೆ ಇತ್ತು, ಆಮೇಲೆ ಹೊಸದಾಗಿ ಬಂದ ಹೆಣ್ಣುಮಗಳ ಎದುರಿಗೆ ಯಾಕೆ ಅಂತ.

ಬಾಯಿ ಬಿಡಿಸಿದ್ದು ಅವನದೇ ಒಂದು ಮಾತು. ಒಂದು ಬೆಳಿಗ್ಗೆ ಫೌಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬರು ಕಿಟಕಿ ಮಾಡಿಸಲು ಬಂದವರು, ಇವನ ಕೈಕೆಲಸ ನೋಡಿ, "ನೀವು ಅಚ್ಚಿನ ಕೆಲಸಕ್ಕೆ ಹೋಗ್ಬೇಕಿತ್ತು ಬಿಡ್ರಿ, ಇಲ್ಲಿ ಕಿಟಕಿ ಹೊಡಕಂಡು ಕೂತೀರಲ್ಲ" ಎಂದರು.

"ಕರೆದಿದ್ರು ರೀ" ಅಂದ ತಮ್ಮ. "ನಂಗೇ ಧೈರ್ಯ ಸಾಲ್ಲಿಲ್ಲ. ದೊಡ್ಡ ಕಾರ್ಖಾನೆ, ಅಲ್ಲಿ ಕೆಲ್ಸ ಬರ್ದೆ ಹೋದ್ರೆ ಅಂತ ಅಂಜಿಕೆ. ಮನೆ ನೆಪ ಹೇಳ್ಕೊಂಡು ಉಳ್ಕೊಂಡೆ."

ಅದನ್ನು ಅವನು ಎಷ್ಟೋ ಸಲ ಹೇಳಿ ಸವೆಸಿದ ಮಾತಿನ ಹಾಗೆ ಹೇಳಿದ. ನಾನು ಪಾಲಿಶ್ ಬಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಇಷ್ಟು ವರ್ಷ ಅವನು ನನ್ನ ಮೇಲೆ ಒಳಗೊಳಗೇ ಸಿಟ್ಟಿಟ್ಟುಕೊಂಡಿರಬಹುದು ಅಂತ ಹೆದರಿದ್ದೆ. ಅವನು ಸಿಟ್ಟು ಇಟ್ಟುಕೊಂಡಿದ್ದು ತನ್ನ ಮೇಲೆ.

ಬಂದವರು ಹೋದ ಮೇಲೆ ಹೇಳಿದೆ. ಕೂತುಕೊಳ್ಳಲೂ ಇಲ್ಲ, ಬಟ್ಟೆ ಕೆಳಗಿಡಲೂ ಇಲ್ಲ. "ಸಣ್ಣ ಮಷೀನು ಮಾರಿ ಹೋಗಿದ್ದಿಲ್ಲ. ಡಬ್ಬಿ ಕಟ್ಟಿಟ್ಟಿದ್ರು. ನಾನೇ ಬ್ಯಾಡ ಅಂದೆ. ನೀನು ಹೋಗಬಾರ್ದು ಅಂತ."

ಅವನು ಟೇಬಲ್ಲಿನ ಮೇಲಿನ ಹೊಟ್ಟನ್ನು ಅಂಗೈಯಿಂದ ಒಂದು ಕಡೆ ಸರಿಸಿದ. ಮತ್ತೆ ಅದೇ ಹೊಟ್ಟನ್ನು ಇನ್ನೊಂದು ಕಡೆ ಸರಿಸಿದ.

"ಕಬ್ಬಿಣದ್ದು ಬಂತು ಅಂದಾಗ ನಂಗೆ ಒಳಗೆ ಒಂಥರ ಹಗುರ ಆಗಿತ್ತು" ಅಂದ. "ಇನ್ನು ಹೋಗ್ಬೇಕಿಲ್ಲ ಬಿಡು ಅಂತ. ಅಷ್ಟಕ್ಕೇ ನಾನು ಹೇಡಿ ಅಂತ ಆವತ್ತಿಂದ ಅನ್ಕೊಂಡಿದ್ದೀನಿ. ಹೋಗೋದು ತಪ್ಪಿದ್ರೆ ಯಾರಿಗಾದ್ರೂ ಒಂದು ಗಳಿಗೆ ಹಂಗನಿಸ್ತೈತೇನೋ. ನಂಗೇನು ಗೊತ್ತು."

"ತಪ್ಪಾತು" ಅಂದೆ.

"ಆವಾಗ್ಲೇ ಹೇಳಿದ್ರೆ, ಸಿಟ್ಟಿಗಾದ್ರೂ ಹೋಗ್ತಿದ್ದೆ ಅಕ್ಕ."

ಅಷ್ಟು ಹೇಳಿ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಎಲ್ಲಿಗೆ ಹೋದನೋ ಕೇಳಲು ನನಗೆ ಮುಖ ಇರಲಿಲ್ಲ. ಸಂಜೆಗೆ ಬಂದ. ಮಾರನೆಯ ದಿನ ಎಂದಿನ ಹೊತ್ತಿಗೆ ಶೆಡ್ಡಿನ ಬಾಗಿಲು ತೆಗೆದ. ಕೊಡಬೇಕಾದ ಚೌಕಟ್ಟುಗಳಿದ್ದವು. ಒಬ್ಬನಿಂದ ಆಗುವ ಕೆಲಸವಲ್ಲ, ನನ್ನೊಬ್ಬಳಿಂದಲೂ ಆಗುವುದಲ್ಲ. ಬೇರೆ ಮಷೀನು ತರೋಣ ಅಂತ ಒಮ್ಮೆ ನಾನೇ ಮಾತು ತೆಗೆದೆ. "ಈಗ್ಯಾಕ" ಅಂದ, ಅಷ್ಟೇ. ಆಳು ಇಟ್ಟುಕೊಳ್ಳೋಣ, ನಾನು ಮನೆಯೊಳಗೆ ಇರುತ್ತೇನೆ ಅಂದೆ. ಅವನು ಮುಂದಿನ ಮರ ಎತ್ತಿ ಹಾಸಿನ ಮೇಲಿಟ್ಟ.

ಅವನು ನನ್ನ ಮೇಲೆ ಕೂಗಾಡಿಲ್ಲ, ಹೆಂಡತಿಗೆ ಹೇಳಿಲ್ಲ. ಒಂದು ಮಾತ್ರ ಬದಲಾಗಿದೆ. ಮೊದಲು ಮಧ್ಯಾಹ್ನ ಇಬ್ಬರೂ ಶೆಡ್ಡಿನಲ್ಲೇ ಮರದ ರಾಶಿಯ ಮೇಲೆ ಎದುರಾಬದುರು ಕೂತು ಉಣ್ಣುತ್ತಿದ್ದೆವು. ಈಗ ನಾದಿನಿ ಒಳಗಿಂದ ಕೊಟ್ಟ ಡಬ್ಬಿಯಲ್ಲಿ ತನ್ನ ಪಾಲು ತೆಗೆದುಕೊಂಡು, ಬೀದಿ ದಾಟಿ, ಎದುರಿನ ಬೀಡಾ ಅಂಗಡಿಯ ಹಲಗೆಯ ಮೇಲೆ ಕೂತು ಉಣ್ಣುತ್ತಾನೆ. ನಾನು ಒಬ್ಬಳೇ ಉಣ್ಣುತ್ತೇನೆ. ಕೈ ತೊಳೆದು ಬಂದು ಅವನು ಸ್ವಿಚ್ ಒತ್ತುತ್ತಾನೆ, ನಾನು ಎದ್ದು ನನ್ನ ಕಡೆಗೆ ಹೋಗಿ ನಿಲ್ಲುತ್ತೇನೆ.